ಹಳೆ ಚೈನ್ ಸಾ ಮರ ಕೊಯ್ಯುತ್ತಿಲ್ಲವೇ? ಎಂಜಿನ್ ಬಿಚ್ಚುವ ಮೊದಲು ಇಷ್ಟು ನೋಡಿ

"ಮೆಷಿನ್ ಸ್ಟಾರ್ಟ್ ಆಗುತ್ತೆ, ಶಬ್ದವೂ ಜೋರಾಗೇ ಇದೆ, ಆದ್ರೆ ಮರದೊಳಗೆ ಇಳಿಯೋದೇ ಇಲ್ಲ. ಏನು ಮಾಡ್ಲಿ?"

ಮಲೆನಾಡು, ಕೊಡಗು, ಕರಾವಳಿ ಕಡೆಯ ಓದುಗರು ಮಳೆಗಾಲ ಕಳೆಯುತ್ತಿದ್ದಂತೆ ಕೇಳುವ ಪ್ರಶ್ನೆ ಇದು. ಗಾಳಿಗೆ ಬಿದ್ದ ಮರ ತುಂಡು ಮಾಡಬೇಕು, ನೆರಳಿನ ಮರದ ಕೊಂಬೆ ಇಳಿಸಬೇಕು, ಸೌದೆ ಆಗಬೇಕು. ಮೂಲೆಯಲ್ಲಿದ್ದ ಹಳೆ ಚೈನ್ ಸಾ ಹೊರಗೆ ಬರುತ್ತದೆ, ಹತ್ತು ನಿಮಿಷಕ್ಕೆ ಕೈಕೊಡುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ: ಸ್ಕ್ರೂಡ್ರೈವರ್ ಹಿಡಿದು, ಎಂಜಿನ್ನಿಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್‌ನ ಸ್ಕ್ರೂ ತಿರುಗಿಸುವುದು. ದಯವಿಟ್ಟು ಅದನ್ನು ಮಾಡಬೇಡಿ. ಅದು ಈ ಲೇಖನದಲ್ಲಿ ಎಂಟನೇ ಹಂತ. ಅಲ್ಲಿಗೆ ತಲುಪುವ ಮೊದಲೇ ಬಹುತೇಕ ಮೆಷಿನ್‌ಗಳು ಸರಿಯಾಗುತ್ತವೆ. ಏಕೆಂದರೆ "ಪವರ್ ಇಲ್ಲ" ಎಂದು ನಮಗೆ ಅನಿಸುವುದು ಜಾಸ್ತಿ ಸಲ ಎಂಜಿನ್ನಿನ ದೋಷ ಅಲ್ಲ, ಚೈನಿನದು.

ಇಲ್ಲಿ ಹೇಳಿರುವುದು ಪೆಟ್ರೋಲ್ ಹಾಕುವ ಟು-ಸ್ಟ್ರೋಕ್ ಚೈನ್ ಸಾ ಬಗ್ಗೆ. ದೊಡ್ಡ ಕಂಪನಿಯದಾದರೂ ಸರಿ, ಎಲ್ಲ ಊರಲ್ಲೂ ಸಿಗುವ 58 ಸಿಸಿ ಮೆಷಿನ್ ಆದರೂ ಸರಿ, ಒಳಗಿನ ಕೆಲಸ ಒಂದೇ. ನಿಮ್ಮದು ಕರೆಂಟಿನದ್ದಾದರೆ ಎರಡು ಮತ್ತು ಮೂರನೇ ಹಂತ ಮಾತ್ರ ನಿಮಗೆ.

ಏನೇನು ಬೇಕು

ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಮೆಷಿನ್ ಜೊತೆ ಬಂದ ಪ್ಲಗ್ ಸ್ಪ್ಯಾನರ್, ಸಣ್ಣ ಸ್ಕ್ರೂಡ್ರೈವರ್, ಹಳೆ ಹಲ್ಲುಜ್ಜುವ ಬ್ರಷ್, ಒಂದು ಹೊಸ ಸ್ಪಾರ್ಕ್ ಪ್ಲಗ್, ಹೊಸ ಪೆಟ್ರೋಲ್, ಟು-ಸ್ಟ್ರೋಕ್ ಆಯಿಲ್ (ಅಂಗಡಿಯಲ್ಲಿ 2ಟಿ ಅಂತ ಕೇಳಿ), ಒಂದು ಚಪ್ಪಟೆ ಅರ, ಒಂದು ದುಂಡು ಅರ.

ದುಂಡು ಅರದ ಅಳತೆಯಲ್ಲಿ ಎಡವುವವರು ಬಹಳ ಜನ. ಕೈಗೆ ಸಿಕ್ಕಿದ ಅರ ಆಗುವುದಿಲ್ಲ. ಚೈನಿನ ಪಿಚ್ ಎಷ್ಟೋ ಅದಕ್ಕೆ ತಕ್ಕ ದಪ್ಪ ಬೇಕು. ಪಿಚ್ ಅಂದರೆ ಚೈನಿನ ಕೊಂಡಿಗಳ ನಡುವಿನ ಅಂತರ. ಇದು ಬಾರ್ ಮೇಲೆ, ಅಂದರೆ ಚೈನ್ ಓಡುವ ಉದ್ದನೆಯ ಪಟ್ಟಿಯ ಮೇಲೆ, ಬುಡದ ಹತ್ತಿರ ಕೆತ್ತಿರುತ್ತದೆ. 0.325 ಎಂದಿದ್ದರೆ 4.8 ಮಿ.ಮೀ. ಅರ. ಸಣ್ಣ ಮೆಷಿನ್‌ಗಳಲ್ಲಿ ಬರುವ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ. ದೊಡ್ಡ ಮೆಷಿನ್ನಿನ 3/8 ಚೈನಿಗೆ ಕಂಪನಿ ನೋಡಿಕೊಂಡು 5.2 ಅಥವಾ 5.5 ಮಿ.ಮೀ. ಕೆತ್ತಿದ್ದು ಅಳಿಸಿ ಹೋಗಿದ್ದರೆ ಚೈನನ್ನೇ ಅಂಗಡಿಗೆ ಒಯ್ದು ತೋರಿಸಿ.

ಶುರು ಮಾಡುವ ಮೊದಲು

ಚೈನಿಗೆ ಕೈ ಹಾಕುವಾಗಲೆಲ್ಲ ಪ್ಲಗ್ಗಿನ ಕ್ಯಾಪ್ ಎಳೆದು ತೆಗೆದಿಡಿ. ಸ್ವಿಚ್ ಆಫ್ ಇದೆ ಎಂಬ ನಂಬಿಕೆ ಸಾಲದು. ಎಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ತುಂಬಬೇಡಿ. ಬೀಡಿ ಸಿಗರೇಟು ಸೇದುವವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. ಒಂದು ಕೈಲಿ ಮೆಷಿನ್ ಕೆಳಗೆ ಬಿಡುತ್ತಾ ಇನ್ನೊಂದು ಕೈಲಿ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಪರೀಕ್ಷೆಯ ಸಮಯದಲ್ಲಾದರೂ ಅದು ಬೇಡ. ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಕಾಲಲ್ಲಿ ಒತ್ತಿ, ಚೈನ್ ಬ್ರೇಕ್ (ಮುಂದಿನ ಹಿಡಿಯ ಎದುರಿನ ಪಟ್ಟಿಯನ್ನು ಮುಂದಕ್ಕೆ ತಳ್ಳಿದರೆ ಬೀಳುವುದು) ಹಾಕಿ ಎಳೆಯಿರಿ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಹಾಳಾಯಿತು ಅಂತ ತಿಳಿಯುವುದೇ ಇಲ್ಲ.

1. ಮೊದಲು ಕಿವಿಗೆ ಕೆಲಸ ಕೊಡಿ

ಎಂಜಿನ್ ಎರಡು ನಿಮಿಷ ಬಿಸಿಯಾಗಲಿ. ಅಲ್ಲಾಡದಂತೆ ಇಟ್ಟ ಆರೇಳು ಇಂಚು ದಪ್ಪದ ತುಂಡಿನ ಮೇಲೆ ಬಾರ್ ಇಡಿ. ಎಕ್ಸಲರೇಟರ್ ಪೂರ್ತಿ ಒತ್ತಿ, ಆದರೆ ಮೆಷಿನ್ನನ್ನು ಅದುಮಬೇಡಿ. ಅದರ ಭಾರಕ್ಕೆ ಅದೇ ಇಳಿಯಬೇಕು. ಈಗ ಏನಾಗುತ್ತದೆ ಗಮನಿಸಿ.

ಎಂಜಿನ್ ಜೋರಾಗಿ ಕೂಗುತ್ತಿದೆ, ಚೈನೂ ಓಡುತ್ತಿದೆ, ಮರ ಮಾತ್ರ ತುಂಡಾಗುತ್ತಿಲ್ಲ. ಎಂಜಿನ್ನಿಗೆ ಏನೂ ಆಗಿಲ್ಲ. ಎರಡನೇ ಹಂತಕ್ಕೆ ಹೋಗಿ.

ಎಂಜಿನ್ ಕೂಗುತ್ತಿದೆ, ಚೈನ್ ನಿಂತೇ ಹೋಗಿದೆ. ಇದು ಕ್ಲಚ್ ಜಾರುವುದು. ಸುಟ್ಟ ವಾಸನೆಯೂ ಬರಬಹುದು. ಚೈನ್ ಸಾದಲ್ಲಿ ಕ್ಲಚ್ ಅಂದರೆ ವೇಗ ಹೆಚ್ಚಿದಾಗ ಹೊರಕ್ಕೆ ಅಗಲಿ ಸುತ್ತಲಿನ ಡ್ರಮ್ಮನ್ನು ಕಚ್ಚಿ ಹಿಡಿಯುವ ಕಬ್ಬಿಣದ ತುಂಡುಗಳು. ಸವೆದರೆ ಹಿಡಿತ ಇರುವುದಿಲ್ಲ. ಬದಲಿಸಬೇಕು. ನೀವೇ ಬಿಚ್ಚುವುದಾದರೆ ನೆನಪಿಡಿ, ಸಾಮಾನ್ಯವಾಗಿ ಇದರ ತಿರುಪು ಉಲ್ಟಾ ಇರುತ್ತದೆ: ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಸಡಿಲವಾಗುತ್ತದೆ. ಗೊತ್ತಿಲ್ಲದೆ ಬಲ ಹಾಕಿ ಮುರಿದವರಿದ್ದಾರೆ.

ಮರಕ್ಕೆ ತಾಗಿದ ಕೂಡಲೇ ಎಂಜಿನ್ನಿನ ಸದ್ದು ಕುಗ್ಗಿ, ನಿಲ್ಲುವ ಹಾಗೆ ಆಗುತ್ತದೆ. ಎಂಜಿನ್ ಸೊರಗಿರಬಹುದು. ಆದರೂ ನೇರ ಅಲ್ಲಿಗೆ ಹಾರಬೇಡಿ. ಚೈನ್ ಅತಿ ಬಿಗಿ ಇದ್ದರೂ, ಬ್ರೇಕ್ ಹಿಡಿದುಕೊಂಡಿದ್ದರೂ ಹೀಗೇ ಆಗುತ್ತದೆ. ಎರಡು, ಮೂರು ಮುಗಿಸಿಯೇ ನಾಲ್ಕಕ್ಕೆ ಹೋಗಿ.

ತಣ್ಣಗಿದ್ದಾಗ ಚೆನ್ನಾಗಿ ಕೊಯ್ದು, ಹತ್ತು ನಿಮಿಷಕ್ಕೆ ಬಲ ಕಳೆದುಕೊಂಡರೆ ನಾಲ್ಕು, ಐದು, ಆರನೇ ಹಂತ ನೋಡಿ.

2. ಚೈನ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಚೈನ್ ಸರಿ ದಿಕ್ಕಿಗೆ ಇದೆಯೇ ನೋಡಿ. ನಗಬೇಡಿ, ಬಿಚ್ಚಿ ತೊಳೆದು ಹಾಕುವಾಗ ತಿರುಗುಮುರುಗು ಆಗುವುದು ಮಾಮೂಲಿ. ಬಾರಿನ ಮೇಲಂಚಿನಲ್ಲಿ ಹಲ್ಲಿನ ಹರಿತ ಭಾಗ ಬಾರಿನ ತುದಿಯ ಕಡೆಗೆ ಮುಖ ಮಾಡಿರಬೇಕು. ಹಿಡಿಯ ಕಡೆಗೆ ತಿರುಗಿದ್ದರೆ ಉಲ್ಟಾ ಹಾಕಿದ್ದೀರಿ.

ಆಮೇಲೆ ಕೊಯ್ದ ಜಾಗದ ಕೆಳಗೆ ಏನು ಬಿದ್ದಿದೆ ನೋಡಿ. ಒರಟಾದ ಚಕ್ಕೆ ಬಿದ್ದಿದ್ದರೆ ಹಲ್ಲು ಹರಿತ ಇದೆ. ಹಿಟ್ಟಿನಂಥ ನುಣ್ಣನೆ ಹುಡಿ ಬಿದ್ದಿದ್ದರೆ ಹಲ್ಲು ಮೊಂಡು, ಅದು ಮರವನ್ನು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಕೊಯ್ದ ಮುಖ ಕಪ್ಪಾಗಿ ಹೊಗೆ ಬಂದರಂತೂ ಅನುಮಾನವೇ ಬೇಡ. ಒಣಗಿ ಟೊಳ್ಳಾದ ಮರದಲ್ಲಿ ಈ ಪರೀಕ್ಷೆ ಮಾಡಬೇಡಿ. ಅದರಲ್ಲಿ ಹೊಸ ಚೈನ್ ಹಾಕಿದರೂ ಹುಡಿಯೇ ಬರುತ್ತದೆ.

ಇನ್ನೂ ಖಚಿತ ಆಗಬೇಕೇ? ಪ್ಲಗ್ ಕ್ಯಾಪ್ ತೆಗೆದು, ಒಂದು ಹಲ್ಲನ್ನು ಬ್ರಷ್ಷಿನಲ್ಲಿ ಶುಚಿ ಮಾಡಿ ಬಿಸಿಲಿಗೆ ಹಿಡಿಯಿರಿ. ಹರಿತ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ, ಕಪ್ಪಾಗೇ ಕಾಣುತ್ತದೆ. ಮೊಂಡಾದ ಅಂಚಿನ ಉದ್ದಕ್ಕೂ ಬಿಳಿ ಗೆರೆಯೊಂದು ಮಿನುಗುತ್ತದೆ. ಮೂಲೆಯಲ್ಲಿ ಆ ಗೆರೆ ದಪ್ಪಗಿರುತ್ತದೆ, ಏಕೆಂದರೆ ಮೊದಲು ಸವೆಯುವುದು ಮೂಲೆಯೇ. ಆ ಗೆರೆ ಪೂರ್ತಿ ಮಾಯ ಆಗುವವರೆಗೆ ಅರ ಹಾಕುವುದೇ ನಿಮ್ಮ ಕೆಲಸ.

ಅರ ಹಾಕುವ ಕ್ರಮ ಹೀಗೆ:

ಬಾರನ್ನು ವೈಸಿನಲ್ಲಿ ಹಿಡಿಸಿ. ವೈಸ್ ಇಲ್ಲದಿದ್ದರೆ ಮರದ ಕೊರಡಿನಲ್ಲಿ ಒಂದು ಸೀಳು ಮಾಡಿ, ಬಾರನ್ನು ಅದರಲ್ಲಿ ಕೂರಿಸಿ. ಚೈನ್ ಬ್ರೇಕ್ ಹಾಕಿದರೆ ಚೈನ್ ಅಲ್ಲಾಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಸವೆದ ಹಲ್ಲನ್ನು ಹುಡುಕಿ ಗುರುತು ಹಾಕಿ, ಅದರಿಂದಲೇ ಶುರು ಮಾಡಿ. ಆ ಹಲ್ಲು ಎಷ್ಟು ಉದ್ದ ಉಳಿಯುತ್ತದೋ ಉಳಿದವೂ ಅಷ್ಟೇ ಆಗಬೇಕು.

ಸಾಮಾನ್ಯ ಚೈನಿಗೆ ಅರದ ಓರೆ 30 ಡಿಗ್ರಿ. ಹೆಚ್ಚಿನ ಚೈನ್‌ಗಳಲ್ಲಿ ಹಲ್ಲಿನ ಹಿಂಬದಿಯಲ್ಲಿ ಓರೆಯಾಗಿ ಒಂದು ಸಣ್ಣ ಗೆರೆ ಇರುತ್ತದೆ. ಅರ ಆ ಗೆರೆಗೆ ಸಮಾನವಾಗಿ ನಿಲ್ಲಬೇಕು. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಹಲ್ಲಿನ ಮೇಲ್ಮೈಗಿಂತ ಮೇಲಿರಲಿ. ಹಲ್ಲಿನ ಒಳಬದಿಯಿಂದ ಹೊರಕ್ಕೆ ತಳ್ಳಿ. ವಾಪಸ್ ಎಳೆಯುವಾಗ ಅರ ಎತ್ತಿಕೊಳ್ಳಿ, ಉಜ್ಜಿಕೊಂಡು ಬರಬೇಡಿ. ಹಿಂದೆ ಮುಂದೆ ಗರಗಸದ ಹಾಗೆ ಆಡಿಸಿದರೆ ಹಲ್ಲೂ ಕೆಡುತ್ತದೆ, ಅರವೂ ಹೋಗುತ್ತದೆ. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ಇನ್ನೊಂದು ಬದಿಗೆ ಬನ್ನಿ. ಎರಡೂ ಬದಿಗೆ ಎಣಿಸಿ ಅಷ್ಟೇ ಸಲ ತಳ್ಳಿ. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ತ್ರಾಸು. ಅದರಿಂದ ಒಂದು ಕಡೆಯ ಹಲ್ಲು ಗಿಡ್ಡವಾಗಿ, ಮೆಷಿನ್ ಮರದೊಳಗೆ ಸೊಟ್ಟ ಹೋಗುತ್ತದೆ. ಸೊಟ್ಟ ಹೋದ ಬಾರ್ ಸಂದಿನಲ್ಲಿ ಸಿಕ್ಕಿ ಬಿಗಿಯಾಗುತ್ತದೆ. ನಮಗೆ ಅದು "ಪವರ್ ಇಲ್ಲ" ಅಂತ ಕಾಣುತ್ತದೆ.

ಈಗ ಎಲ್ಲರೂ ಮರೆಯುವ ಭಾಗಕ್ಕೆ ಬರೋಣ. ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇದೆಯಲ್ಲ, ಅದಕ್ಕೆ ರೇಕರ್ ಅನ್ನುತ್ತಾರೆ. ಹಲ್ಲು ಮರದೊಳಗೆ ಎಷ್ಟು ಆಳಕ್ಕೆ ಕಚ್ಚಬೇಕು ಎಂದು ತೀರ್ಮಾನಿಸುವುದು ಅದೇ. ಹಲ್ಲು ಹಿಂದಕ್ಕೆ ಇಳಿಜಾರಾಗಿ ಇರುವುದರಿಂದ ಅರ ಹಾಕಿದಷ್ಟೂ ಅದರ ಎತ್ತರ ಕಡಿಮೆಯಾಗುತ್ತದೆ. ರೇಕರ್ ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಎರಡೂ ಒಂದೇ ಮಟ್ಟಕ್ಕೆ ಬಂದು, ಹಲ್ಲು ಎಷ್ಟೇ ಹರಿತ ಇದ್ದರೂ ಮರಕ್ಕೆ ತಾಗುವುದೇ ಇಲ್ಲ. "ಈಗಷ್ಟೇ ಸಾಣೆ ಹಿಡಿಸಿದ್ದೇನೆ, ಆದರೂ ಕೊಯ್ಯುತ್ತಿಲ್ಲ" ಎನ್ನುವವರ ಸಮಸ್ಯೆ ಇದು.

ರೇಕರ್ ಹಲ್ಲಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಇದನ್ನು ಅಳೆಯಲು ಸೀಳಿರುವ ಒಂದು ಸಣ್ಣ ಲೋಹದ ಪಟ್ಟಿ ಸಿಗುತ್ತದೆ, ರೇಕರ್ ಗೇಜ್ ಅಂತ ಕೇಳಿ. ಪಟ್ಟಿಯನ್ನು ಹಲ್ಲುಗಳ ಮೇಲೆ ಇಟ್ಟಾಗ ಸೀಳಿನಿಂದ ಮೇಲೆ ಎದ್ದು ಕಾಣುವಷ್ಟು ಭಾಗವನ್ನು ಚಪ್ಪಟೆ ಅರದಿಂದ ತೆಗೆಯಿರಿ, ಮುಂದಿನ ಮೂಲೆಯನ್ನು ದುಂಡಗೆ ಮಾಡಿ. ಎರಡು ಮೂರು ಸಲ ಅರ ಹಾಕಿದ ಮೇಲೆ ಒಮ್ಮೆ ಇದನ್ನು ನೋಡಿದರೆ ಸಾಕು.

ಎಚ್ಚರ: ಜಾಸ್ತಿ ತಗ್ಗಿಸಿದರೆ ಜಾಸ್ತಿ ಕೊಯ್ಯುತ್ತದೆ ಎಂದುಕೊಂಡು ರೇಕರ್ ಕೆರೆದು ಹಾಕುವವರಿದ್ದಾರೆ. ಆಗ ಹಲ್ಲು ಆಳಕ್ಕೆ ಕಚ್ಚಿ ಎಂಜಿನ್ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದು, ಮೆಷಿನ್ ಮುಖದ ಕಡೆಗೆ ಹಾರಿ ಬರುವ ಅಪಾಯ ಹೆಚ್ಚುತ್ತದೆ. ಇದರಲ್ಲಿ ಚೌಕಾಸಿ ಬೇಡ.

ಗ್ರೈಂಡರ್‌ನಲ್ಲಿ ಬೇಗ ಬೇಗ ಸಾಣೆ ಹಿಡಿಸಿದರೆ ಹಲ್ಲು ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಬಂತೆಂದರೆ ಆ ಹಲ್ಲಿನ ಹದ ಹೋಯಿತು. ಎಷ್ಟು ಹರಿತ ಮಾಡಿದರೂ ಎರಡು ಕೊಯ್ತಕ್ಕೆ ಮತ್ತೆ ಮೊಂಡು.

ಹರಿತ ಹೋಗುವುದು ಮರದಿಂದಲ್ಲ, ಜಾಸ್ತಿ ಸಲ ಮಣ್ಣಿನಿಂದ. ನೆಲದ ಮೇಲೆ ಬಿದ್ದ ಮರವನ್ನು ಕೊನೆಯವರೆಗೆ ಕೊಯ್ಯಲು ಹೋಗಿ ಬಾರಿನ ತುದಿ ಒಮ್ಮೆ ನೆಲಕ್ಕೆ ತಾಗಿದರೆ ಸಾಕು. ಮುಕ್ಕಾಲು ಪಾಲು ಕೊಯ್ದು, ಮರ ಉರುಳಿಸಿ, ಉಳಿದದ್ದನ್ನು ಇನ್ನೊಂದು ಬದಿಯಿಂದ ಕೊಯ್ಯಿರಿ. ಬೇಲಿ ಸಾಲಿನ ಮರವಾದರೆ ಒಳಗೆ ಮುಳ್ಳುತಂತಿ, ಮೊಳೆ ಸೇರಿಕೊಂಡಿರುತ್ತದೆ. ಹಳೆ ತೆಂಗಿನ ಮರದ ಹೊರಭಾಗವೂ ಚೈನನ್ನು ಬೇಗ ತಿನ್ನುತ್ತದೆ. ಆ ಕೆಲಸಕ್ಕೆ ಒಂದು ಹಳೆ ಚೈನ್ ಬೇರೆಯೇ ಇಟ್ಟುಕೊಳ್ಳುವುದು ಒಳ್ಳೆಯದು.

3. ಬಾರ್, ಬಿಗಿತ, ಎಣ್ಣೆ, ಬ್ರೇಕ್

ಎಂಜಿನ್ ಆಫ್ ಮಾಡಿ, ಬ್ರೇಕ್ ಬಿಟ್ಟು, ಕೈಗವಸು ಹಾಕಿ ಚೈನನ್ನು ಬಾರಿನ ಮೇಲೆ ಎಳೆಯಿರಿ. ಸಲೀಸಾಗಿ ಜಾರಬೇಕು, ಆದರೆ ಬಾರಿನ ಕೆಳಗೆ ಜೋತು ಬೀಳಬಾರದು. ತಡೆದು ತಡೆದು ಬಂದರೆ ಕಾರಣ ಮೂರರಲ್ಲಿ ಒಂದು: ಚೈನ್ ಅತಿ ಬಿಗಿ, ಬಾರಿನ ಸಂದಿಯಲ್ಲಿ ಹುಡಿ ಗಟ್ಟಿಯಾಗಿದೆ, ಇಲ್ಲವೇ ಬ್ರೇಕಿನ ಪಟ್ಟಿ ಡ್ರಮ್ಮನ್ನು ಪೂರ್ತಿ ಬಿಡುತ್ತಿಲ್ಲ. ಕವರ್ ತೆಗೆದು ಬ್ರೇಕಿನ ಸುತ್ತ ಎಣ್ಣೆಯಲ್ಲಿ ನೆಂದು ಗಟ್ಟಿಯಾದ ಹುಡಿಯನ್ನು ಕೆರೆದು ತೆಗೆಯಿರಿ.

ಬಾರ್ ಬಿಚ್ಚಿದಾಗ ಸಂದಿಯನ್ನು ತೆಳ್ಳನೆಯ ತಗಡಿನಿಂದ ಗೀರಿ ಶುಚಿ ಮಾಡಿ. ಅಂಚಿನಲ್ಲಿ ಹೊರಚಾಚಿದ ಉಗುರಿನಂಥ ಕಬ್ಬಿಣ ಇದ್ದರೆ ಚಪ್ಪಟೆ ಅರದಿಂದ ಸವರಿ. ವಾಪಸ್ ಹಾಕುವಾಗ ಮೇಲಿನದು ಕೆಳಗೆ ಬರುವಂತೆ ಮಗುಚಿ ಹಾಕಿ, ಸವೆತ ಎರಡೂ ಬದಿಗೆ ಹಂಚಿಹೋಗುತ್ತದೆ. ಚೈನನ್ನು ಎಳೆಯುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಗುಂಡಿಗಳು ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಸವೆದಿದ್ದರೆ ಬದಲಿಸಿ. ಎರಡು ಚೈನ್ ಮುಗಿಯುವಷ್ಟರಲ್ಲಿ ಒಂದು ಸ್ಪ್ರಾಕೆಟ್ ಎಂಬ ಲೆಕ್ಕ ಇಟ್ಟುಕೊಳ್ಳಬಹುದು. ಸವೆದ ಸ್ಪ್ರಾಕೆಟ್ಟಿಗೆ ಹೊಸ ಚೈನ್ ಹಾಕಿದರೆ ಚೈನೇ ಹಾಳು.

ಎಣ್ಣೆ ಬರುತ್ತಿದೆಯೇ ತಿಳಿಯಲು ಬಾರಿನ ತುದಿಯನ್ನು ಒಂದು ಹಳೆ ಪೇಪರಿನ ಕಡೆಗೆ ಹಿಡಿದು, ತಾಗಿಸದೆ ಎಕ್ಸಲರೇಟರ್ ಕೊಡಿ. ಪೇಪರ್ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಎಣ್ಣೆ ಬರುವ ತೂತು ಕಟ್ಟಿದೆ. ಎಣ್ಣೆ ಇಲ್ಲದ ಚೈನ್ ಬಾರಿಗೆ ಉಜ್ಜಿ ಕಾದು ಎಂಜಿನ್ನಿನ ಬಲವನ್ನು ತಾನೇ ತಿನ್ನುತ್ತದೆ. ಬೈಕಿನಿಂದ ಇಳಿಸಿದ ಕಪ್ಪು ಆಯಿಲ್ ಸುಮ್ನೆ ಸಿಗುತ್ತದೆ ಅಂತ ಅದನ್ನೇ ಹಾಕುವುದು ನಮ್ಮಲ್ಲಿ ಪದ್ಧತಿ. ಅದರಲ್ಲಿರುವ ಕಬ್ಬಿಣದ ಕಣಗಳು ಎಣ್ಣೆ ಪಂಪನ್ನೂ ಬಾರನ್ನೂ ಸವೆಸುತ್ತವೆ. ಚೈನ್ ಆಯಿಲ್ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ.

ಇಷ್ಟಾದ ಮೇಲೆ ಮತ್ತೆ ಕೊಯ್ದು ನೋಡಿ. ಸರಿಯಾಯಿತೇ? ಇಲ್ಲಿಗೇ ನಿಲ್ಲಿಸಿ. ಎಂಜಿನ್ ಮುಟ್ಟಬೇಡಿ.

4. ಗಾಳಿ

ಏರ್ ಫಿಲ್ಟರ್ ಕವರ್ ತೆಗೆಯುವ ಮೊದಲು ಚೋಕ್ ಮುಚ್ಚಿ, ಇಲ್ಲದಿದ್ದರೆ ಹುಡಿ ಕಾರ್ಬೊರೇಟರ್ ಒಳಗೆ ಬೀಳುತ್ತದೆ. ಜಾಲರಿಯಂಥ ಫಿಲ್ಟರ್ ಆದರೆ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಗಾಳಿ ಊದುವುದಾದರೆ ಒಳಗಿನಿಂದ ಹೊರಕ್ಕೆ. ಹರಿದಿದ್ದರೆ ಹೊಸದು ತನ್ನಿ. ಫಿಲ್ಟರ್ ಇಲ್ಲದೆ "ಇವತ್ತೊಂದು ದಿನ" ಓಡಿಸಿದರೂ ಪಿಸ್ಟನ್ ಗೀರು ಬೀಳುತ್ತದೆ.

ಹಗ್ಗ ಇರುವ ಬದಿಯ ಕವರ್ ಬಿಚ್ಚಿ ನೋಡಿದ್ದೀರಾ? ಸಿಲಿಂಡರಿನ ಸುತ್ತ ಇರುವ ತೆಳ್ಳನೆಯ ರೆಕ್ಕೆಗಳ ನಡುವೆ ಎಣ್ಣೆ ಹುಡಿ ಮೆತ್ತಿಕೊಂಡಿದ್ದರೆ ಎಂಜಿನ್ ತಣ್ಣಗಾಗುವುದೇ ಇಲ್ಲ. ಕಾದಂತೆ ಬಲ ಇಳಿಯುತ್ತದೆ. ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ.

5. ಪೆಟ್ರೋಲ್

ಹಳೆ ಮೆಷಿನ್‌ಗಳಿಗೆ ಈಗ ದೊಡ್ಡ ತಲೆನೋವು ಇದು. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಹೆಚ್ಚಾಗಿ ಇ20, ಅಂದರೆ ಶೇ. 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ, ಅಲ್ವಾ? ತಿಂಗಳುಗಟ್ಟಲೆ ಇಟ್ಟರೆ ನೀರು ಮತ್ತು ಎಥನಾಲ್ ಸೇರಿ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಟ್ಯಾಂಕಿನಲ್ಲಿ ಪೆಟ್ರೋಲ್ ಹೀರುವ ಫಿಲ್ಟರ್ ಇರುವುದೂ ತಳದಲ್ಲೇ. ಜೊತೆಗೆ, ಎಥನಾಲ್ ಇಲ್ಲದ ಕಾಲದಲ್ಲಿ ತಯಾರಾದ ರಬ್ಬರ್ ಪೈಪು ಇದರಲ್ಲಿ ಉಬ್ಬಿ ಅಥವಾ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಆದ್ದರಿಂದ ಟ್ಯಾಂಕಿನಲ್ಲಿ ಇರುವ ಹಳೆ ಪೆಟ್ರೋಲ್ ಪೂರ್ತಿ ತೆಗೆಯಿರಿ. ಮೂಸಿ ನೋಡಿದರೆ ಕಮಟು ವಾಸನೆ ಬರುತ್ತದೆ. ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿ. ಬೆರೆಸುವ ಲೆಕ್ಕ ಆಯಿಲ್ ಡಬ್ಬದ ಮೇಲೆ ಅಥವಾ ಮೆಷಿನ್ ಪುಸ್ತಕದಲ್ಲಿ ಇರುತ್ತದೆ. 50ಕ್ಕೆ 1 ಅಂದರೆ ಲೀಟರಿಗೆ 20 ಎಂ.ಎಲ್., 25ಕ್ಕೆ 1 ಅಂದರೆ ಲೀಟರಿಗೆ 40 ಎಂ.ಎಲ್. ಡಬ್ಬದ ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವುದು ಬೇಡ. ಅಳತೆಯ ಸಿರಿಂಜ್ ಸಾಕು. ಬೇರೆ ಕ್ಯಾನಿನಲ್ಲಿ ಬೆರೆಸಿ, ಅಲ್ಲಾಡಿಸಿ, ಆಮೇಲೆ ಟ್ಯಾಂಕಿಗೆ. ಆಯಿಲ್ ಜಾಸ್ತಿಯಾದರೆ ಹೊಗೆ ಹೆಚ್ಚಿ, ಪ್ಲಗ್ ಮತ್ತು ಸೈಲೆನ್ಸರ್ ಕಟ್ಟಿ ಬಲ ಇಳಿಯುತ್ತದೆ. ಆಯಿಲ್ ಹಾಕುವುದೇ ಮರೆತರೆ ಪಿಸ್ಟನ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ. ಬೆರೆಸಿದ್ದನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ. ತಂಪು ಪಾನೀಯದ ಬಾಟಲಿಯಲ್ಲಂತೂ ಇಡಲೇಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಟ್ಯಾಂಕಿನೊಳಗಿನ ಫಿಲ್ಟರನ್ನು ಕೊಕ್ಕೆ ಮಾಡಿದ ತಂತಿಯಿಂದ ಹೊರಗೆಳೆಯಿರಿ. ಕಪ್ಪಾಗಿದ್ದರೆ ಬದಲಿಸಿ, ತೊಳೆಯುವಷ್ಟು ಬೆಲೆಬಾಳುವ ವಸ್ತು ಅಲ್ಲ ಅದು. ಪೈಪನ್ನು ಬಗ್ಗಿಸಿ ಬಿರುಕು ನೋಡಿ.

ಹತ್ತು ನಿಮಿಷ ಓಡಿ ಬಲ ಇಳಿಯುವ ಮೆಷಿನ್ನಿಗೆ ಇನ್ನೊಂದು ಪರೀಕ್ಷೆ ಇದೆ. ಬಲ ಇಳಿದ ಕೂಡಲೇ ಎಂಜಿನ್ ಆಫ್ ಮಾಡಿ, ಸ್ವಲ್ಪ ತಣಿಯಲು ಬಿಟ್ಟು, ಟ್ಯಾಂಕಿನ ಮುಚ್ಚಳ ನಿಧಾನ ಸಡಿಲಿಸಿ. ಒಳಕ್ಕೆ ಗಾಳಿ ಎಳೆದುಕೊಂಡ "ಸುಸ್" ಸದ್ದು ಬಂದು, ಮುಚ್ಚಳ ಬಿಗಿ ಮಾಡಿ ಸ್ಟಾರ್ಟ್ ಮಾಡಿದರೆ ಮತ್ತೆ ಚೆನ್ನಾಗಿ ಓಡುತ್ತದೆಯೇ? ಹಾಗಾದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಮುಚ್ಚಳ ಸಡಿಲ ಬಿಟ್ಟು ಕೆಲಸ ಮಾಡುವುದು ಇದಕ್ಕೆ ಪರಿಹಾರ ಅಲ್ಲ, ಬೆಂಕಿಗೆ ಆಹ್ವಾನ.

6. ಪ್ಲಗ್

ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಎಲ್ಲ ಸರಿ. ಕಪ್ಪಾಗಿ ಒದ್ದೆ ಇದ್ದರೆ ಆಯಿಲ್ ಜಾಸ್ತಿ, ಗಾಳಿ ಕಡಿಮೆ ಅಥವಾ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಇದು ಅಪಾಯದ ಸೂಚನೆ. ಕಾರಣ ಸಿಗುವವರೆಗೆ ಮೆಷಿನ್ ಓಡಿಸಬೇಡಿ. ತುದಿಯ ಅಂತರ ಮೆಷಿನ್ ನೋಡಿಕೊಂಡು 0.5ರಿಂದ 0.7 ಮಿ.ಮೀ. ಹಳೆಯದನ್ನು ಉಜ್ಜಿ ಹಾಕುವ ಬದಲು ಹೊಸದು ಹಾಕಿ ನೋಡುವುದು ವಾಸಿ. ಹೊಸ ಪ್ಲಗ್ ಹಾಕಿದರೂ ಬಿಸಿಯಾದ ಮೇಲೆ ಎಂಜಿನ್ ನಿಂತು, ಆಗ ಕಿಡಿಯೇ ಬಾರದೆ, ತಣ್ಣಗಾದ ಮೇಲೆ ಮಾತ್ರ ಬಂದರೆ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಹೋಗಿದೆ.

7. ಸೈಲೆನ್ಸರ್

ಟು-ಸ್ಟ್ರೋಕ್ ಎಂಜಿನ್ನಿಗೆ ಹೊಗೆ ಸರಾಗ ಹೊರಗೆ ಹೋಗದಿದ್ದರೆ ಉಸಿರು ಕಟ್ಟುತ್ತದೆ. ಎಷ್ಟೋ ಮೆಷಿನ್‌ಗಳ ಸೈಲೆನ್ಸರ್ ಬಾಯಲ್ಲಿ ಕಿಡಿ ಹಾರದಂತೆ ಒಂದು ಸಣ್ಣ ಜಾಲರಿ ಇರುತ್ತದೆ. ಅದು ಮಸಿ ಕಟ್ಟಿ ಮುಚ್ಚಿಹೋಗಿರುತ್ತದೆ. ಬಿಚ್ಚಿ, ಮೆಷಿನ್ನಿನಿಂದ ದೂರ ಒಯ್ದು, ಗ್ಯಾಸ್ ಉರಿಯಲ್ಲಿ ಸುಟ್ಟು ತಂತಿ ಬ್ರಷ್ಷಿನಲ್ಲಿ ಉಜ್ಜಿ ವಾಪಸ್ ಹಾಕಿ. ಎಸೆಯಬೇಡಿ, ಒಣ ತರಗೆಲೆ ಇರುವ ಬೇಸಿಗೆಯ ತೋಟದಲ್ಲಿ ಅದರ ಕೆಲಸ ಇದೆ.

ಸೈಲೆನ್ಸರ್ ಪೂರ್ತಿ ಬಿಚ್ಚಿದಾಗ ಹೊಗೆ ಬರುವ ತೂತಿನ ಮೂಲಕ ಟಾರ್ಚ್ ಹಾಕಿ ಪಿಸ್ಟನ್ ನೋಡಿ. ನುಣುಪಾಗಿದ್ದರೆ ಒಳ್ಳೆಯದು. ಮೇಲಿಂದ ಕೆಳಕ್ಕೆ ಒರಟು ಗೀರುಗಳಿದ್ದರೆ ಎಂಟನೇ ಹಂತ ಬಿಟ್ಟು ಒಂಬತ್ತಕ್ಕೆ ಹೋಗಿ. ತೂತಿನಲ್ಲಿ ಮಸಿ ಕಟ್ಟಿದ್ದರೆ, ಹಗ್ಗ ನಿಧಾನ ಎಳೆದು ಪಿಸ್ಟನ್ ತೂತನ್ನು ಮುಚ್ಚುವಂತೆ ನಿಲ್ಲಿಸಿ, ಮರದ ಕಡ್ಡಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಬೇಡಿ.

8. ಕಾರ್ಬೊರೇಟರ್

ಈಗ ಸ್ಕ್ರೂಡ್ರೈವರ್ ತೆಗೆದುಕೊಳ್ಳಬಹುದು. ಮೂರು ಸ್ಕ್ರೂ ಇರುತ್ತವೆ. ಎಲ್ ಎಂಬುದು ನಿಧಾನ ಓಟಕ್ಕೆ, ಎಚ್ ಎಂಬುದು ಪೂರ್ತಿ ವೇಗಕ್ಕೆ ಪೆಟ್ರೋಲ್ ಎಷ್ಟು ಹೋಗಬೇಕು ಎಂದು ನಿರ್ಧರಿಸುತ್ತವೆ. ಮೂರನೆಯದು ಐಡ್ಲಿಂಗ್ ಸ್ಕ್ರೂ. ಎಲ್, ಎಚ್ ಎರಡನ್ನೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದರೆ ಜಾಸ್ತಿ.

ಮೊದಲು ಈಗ ಎಷ್ಟು ಸುತ್ತಿನಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಮೆತ್ತಗೆ ಬಲಕ್ಕೆ ಪೂರ್ತಿ ಮುಚ್ಚುತ್ತಾ ಸುತ್ತು ಎಣಿಸಿ. ಬಿಗಿ ಮಾಡಿದರೆ ಒಳಗಿನ ಸೂಜಿ ಕೆಡುತ್ತದೆ. ಪುಸ್ತಕದಲ್ಲಿ ಬೇರೆ ಹೇಳಿಲ್ಲದಿದ್ದರೆ ಎರಡನ್ನೂ ಸುಮಾರು ಒಂದು ಸುತ್ತು ಬಿಚ್ಚಿ, ಸ್ಟಾರ್ಟ್ ಮಾಡಿ, ಬಿಸಿ ಮಾಡಿ. ಎಲ್ ಅನ್ನು ಸ್ವಲ್ಪ ಸ್ವಲ್ಪ ತಿರುಗಿಸಿ, ಎಕ್ಸಲರೇಟರ್ ಒತ್ತಿದರೆ ತಡವರಿಸದೆ ಏರುವ ಜಾಗದಲ್ಲಿ ಬಿಡಿ. ಆಮೇಲೆ ಐಡ್ಲಿಂಗ್ ಹೊಂದಿಸಿ: ಎಂಜಿನ್ ನಿಲ್ಲಬಾರದು, ಚೈನ್ ತಿರುಗಬಾರದು. ಕೊನೆಗೆ ಎಚ್. ಪೂರ್ತಿ ಎಕ್ಸಲರೇಟರ್ ಕೊಟ್ಟಾಗ, ಮರಕ್ಕೆ ತಾಗಿಸದೆ, ಸದ್ದಿನಲ್ಲಿ ಸ್ವಲ್ಪ ಗುರಗುರ ಇರಬೇಕು. ಮರಕ್ಕೆ ಇಳಿಸಿದ ಕೂಡಲೇ ಆ ಗುರಗುರ ಹೋಗಿ ಸದ್ದು ಶುದ್ಧ ಆಗಬೇಕು. ಇದೇ ಸರಿಯಾದ ಜಾಗ.

ಇಲ್ಲಿ ಎಡವಿದರೆ ಮೆಷಿನ್ನೇ ಹೋಗುತ್ತದೆ. ಎಚ್ ಸ್ಕ್ರೂ ಬಲಕ್ಕೆ ತಿರುಗಿಸಿದಷ್ಟೂ ಎಂಜಿನ್ ತೀಕ್ಷ್ಣವಾಗಿ ಕೂಗುತ್ತದೆ, ಕೇಳಲು ಬಲ ಬಂದಂತೆ ಇರುತ್ತದೆ. ಟು-ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಎಣ್ಣೆ ಹೋಗುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಹೀಗೆ ಕೂಗಿಸಿಕೊಂಡು ಒಂದು ದಪ್ಪ ಮರಕ್ಕೆ ಇಳಿದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅನುಮಾನ ಇದ್ದರೆ ಎಚ್ ಅನ್ನು ಸ್ವಲ್ಪ ಎಡಕ್ಕೇ ಬಿಡಿ.

ಸ್ಕ್ರೂ ಎಷ್ಟು ತಿರುಗಿಸಿದರೂ ವ್ಯತ್ಯಾಸವೇ ಇಲ್ಲದಿದ್ದರೆ ಒಳಗಿನ ಡಯಾಫ್ರಾಂ ಹೋಗಿದೆ. ಪೆಟ್ರೋಲ್ ಎತ್ತಿ ಕೊಡುವ ತೆಳುವಾದ ರಬ್ಬರ್ ಹಾಳೆ ಅದು. ಹೊಸದು ಮೆತ್ತಗೆ ಬಗ್ಗುತ್ತದೆ, ಹಳೆಯದು ಒತ್ತಿದರೆ ಹಪ್ಪಳದ ಹಾಗೆ ಚಟಪಟ ಅನ್ನುತ್ತದೆ. ಕಾರ್ಬೊರೇಟರ್ ಮೇಲಿನ ನಂಬರ್ ತೋರಿಸಿ ಕಿಟ್ ತರಿಸಿ, ಬಿಚ್ಚುವಾಗ ಪ್ರತಿ ಪದರದ ಫೋಟೋ ತೆಗೆದುಕೊಳ್ಳಿ. 58 ಸಿಸಿ ಮೆಷಿನ್‌ಗಳಿಗೆ ಪೂರ್ತಿ ಕಾರ್ಬೊರೇಟರ್ ಕಡಿಮೆ ಬೆಲೆಗೆ ಸಿಗುವುದರಿಂದ ಅದನ್ನೇ ಬದಲಿಸುವುದು ಸುಲಭ.

ಎಕ್ಸಲರೇಟರ್ ಬಿಟ್ಟರೂ ವೇಗ ಇಳಿಯದೆ ಏರಿ ಇಳಿದು ಆಡುತ್ತಿದ್ದರೆ ಎಲ್ಲೋ ಹೊರಗಿನ ಗಾಳಿ ಒಳಗೆ ನುಗ್ಗುತ್ತಿದೆ. ಕಾರ್ಬೊರೇಟರ್ ಮತ್ತು ಸಿಲಿಂಡರಿನ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಸೀಲ್ ಹೋಗಿರಬಹುದು. ಸ್ಕ್ರೂ ತಿರುಗಿಸಿ ಇದನ್ನು ಮುಚ್ಚಿಡಲು ಹೋಗಬೇಡಿ.

9. ಕಂಪ್ರೆಷನ್

ಕಂಪ್ರೆಷನ್ ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಕಟ್ಟುವ ಒತ್ತಡ. ಮನೆಯಲ್ಲೇ ಪರೀಕ್ಷಿಸುವ ದಾರಿ ಇದೆ. ಸ್ವಿಚ್ ಆಫ್ ಮಾಡಿ, ಪ್ಲಗ್ ಜಾಗದಲ್ಲೇ ಇರಲಿ, ಕ್ಯಾಪ್ ತೆಗೆದಿಡಿ. ನೆಲಕ್ಕೆ ಹತ್ತಿರದಲ್ಲೇ ಮೆಷಿನ್ನನ್ನು ಸ್ಟಾರ್ಟರ್ ಹಗ್ಗದ ಹಿಡಿಯಿಂದ ತೂಗುಹಾಕಿ. ತಡೆ ತಡೆದು ಇಳಿದರೆ ಒತ್ತಡ ಇದೆ. ಸರ್ರನೆ ಇಳಿದರೆ ಇಲ್ಲ. ಮೆಕ್ಯಾನಿಕ್ ಹತ್ತಿರ ಗೇಜ್ ಇದ್ದರೆ ಅಳೆಸಿ. 150 ಪಿಎಸ್‌ಐ ಆಸುಪಾಸು ಇದ್ದರೆ ಎಂಜಿನ್ ಗಟ್ಟಿ, 120 ಇದ್ದರೂ ನಡೆಯುತ್ತದೆ, 100ಕ್ಕಿಂತ ಕೆಳಗೆ ಬಂದಿದ್ದರೆ ಸ್ಟಾರ್ಟ್ ಆದರೂ ಮರ ಕೊಯ್ಯುವ ಬಲ ಇರುವುದಿಲ್ಲ.

ಬರೀ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ರಿಂಗ್ ಬದಲಿಸಿದರೆ ಸಾಕು. ಸಿಲಿಂಡರ್ ಗೀರು ಬಿದ್ದಿದ್ದರೆ ಪಿಸ್ಟನ್, ಸಿಲಿಂಡರ್ ಎರಡೂ ಇರುವ ಕಿಟ್ ಬೇಕು. ಆದರೆ ಗೀರು ಯಾಕೆ ಬಿತ್ತು ಎಂದು ಮೊದಲು ಕೇಳಿ: ಆಯಿಲ್ ಇಲ್ಲದ ಪೆಟ್ರೋಲೇ, ಫಿಲ್ಟರಿನ ತೂತೇ, ಗಾಳಿ ಎಳೆಯುವ ಸೀಲೇ? ಅದು ಗೊತ್ತಾಗದೆ ಕಿಟ್ ಹಾಕಿಸಿದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ. ಕಿಟ್ಟಿನ ಬೆಲೆ, ಕೂಲಿ ಎರಡೂ ಸೇರಿ ಹೊಸ ಮೆಷಿನ್ನಿನ ಅರ್ಧ ಬೆಲೆ ದಾಟಿದರೆ ನಾನಂತೂ ರಿಪೇರಿಗೆ ಕೈ ಹಾಕುವುದಿಲ್ಲ, ಒಳ್ಳೆ ಕಂಪನಿಯ ಬಿಡಿಭಾಗ ಸಿಗುವ ಮೆಷಿನ್ ಹೊರತು.

ಕಂಪ್ರೆಷನ್ ನಡುವೆ ಎಲ್ಲೋ ಇದೆ, ಖರ್ಚು ಮಾಡುವ ಮನಸ್ಸಿಲ್ಲ ಎನ್ನುವವರಿಗೆ ಒಂದು ದಾರಿ ಇದೆ. ಹೆಚ್ಚಿನ 58 ಸಿಸಿ ಮೆಷಿನ್‌ಗಳಿಗೆ 22 ಇಂಚಿನ ಬಾರ್ ಹಾಕಿ ಮಾರುತ್ತಾರೆ. ಅದನ್ನು ತೆಗೆದು 18 ಇಂಚಿನದು ಹಾಕಿ. ಎಳೆಯಬೇಕಾದ ಚೈನ್ ಗಿಡ್ಡವಾಗುತ್ತದೆ, ಒಂದೇ ಸಲಕ್ಕೆ ಮರದೊಳಗಿರುವ ಹಲ್ಲುಗಳೂ ಕಡಿಮೆಯಾಗುತ್ತವೆ. ಸೌದೆಗೆ, ಕೊಂಬೆಗೆ ಅಷ್ಟು ಉದ್ದ ಧಾರಾಳ. ಬಾರ್ ಜೊತೆ ಚೈನನ್ನೂ ಬದಲಿಸಬೇಕು. ಪಿಚ್, ಸಂದಿಯ ಅಗಲ, ಕೊಂಡಿಗಳ ಸಂಖ್ಯೆ ಮೂರೂ ಹೊಂದಬೇಕು. ಹಳೆ ಬಾರನ್ನೂ ಚೈನನ್ನೂ ಅಂಗಡಿಗೆ ಒಯ್ದು, ಪಕ್ಕದಲ್ಲಿಟ್ಟು ನೋಡಿಯೇ ಕೊಳ್ಳಿ.